ಈ ಚಿಕಿತ್ಸೆ ನಮ್ಮವರಿಗೆ ಆಗುತ್ತಾ? ಸಂಶೋಧನೆ ನೋಡಿ ನಿರ್ಧಾರ ಮಾಡುವ ಹಂತಗಳು

ಓದುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ಡಾಕ್ಟ್ರ, ನಮ್ಮ ಅವ್ವಗ ಇಂಥ ಚಿಕಿತ್ಸೆ ಹೇಳ್ಯಾರ್ರಿ. ಖರೇನೇ ಕೆಲಸ ಮಾಡ್ತದೇನ್ರಿ?" ಆಳಂದದವರು ಕೇಳಿದರೂ ಇದೇ, ಭಾಲ್ಕಿಯವರು ಕೇಳಿದರೂ ಇದೇ, ಸುರಪುರದವರು ಕೇಳಿದರೂ ಇದೇ. ಜೊತೆಗೆ ಒಂದು ವಾಟ್ಸಾಪ್ ವಿಡಿಯೊ ಇರುತ್ತದೆ. ಇಲ್ಲವೇ "ಅಮೆರಿಕದಲ್ಲಿ ಸಂಶೋಧನೆ ಆಗಿದೆ" ಅನ್ನುವ ಪೇಪರ್ ಕಟಿಂಗ್.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಉತ್ತರ ಹುಡುಕುವ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ವೈದ್ಯರು ಇದನ್ನು ಎವಿಡೆನ್ಸ್ ಬೇಸ್ಡ್ ಮೆಡಿಸಿನ್ ಅನ್ನುತ್ತಾರೆ. ಒಳ್ಳೆಯ ಸಂಶೋಧನೆ, ವೈದ್ಯರ ಅನುಭವ, ರೋಗಿಗೆ ಏನು ಮುಖ್ಯ ಅನ್ನುವುದು: ಈ ಮೂರನ್ನೂ ಒಟ್ಟಿಗೆ ಇಟ್ಟು ತೀರ್ಮಾನಕ್ಕೆ ಬರುವುದು ಅಂತ ಅರ್ಥ. ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು 1996ರಲ್ಲಿ ಇದನ್ನು ವಿವರಿಸಿದಾಗಲೇ ಮೂರನ್ನೂ ಹೇಳಿದ್ದರು. ಆಮೇಲೆ ಎಲ್ಲರೂ ಮೊದಲನೆಯದನ್ನು ಹಿಡಿದುಕೊಂಡರು, ಮೂರನೆಯದನ್ನು ಮರೆತರು.

"ಕೆಲಸ ಮಾಡುತ್ತಾ?" ಅನ್ನುವುದು ಅರ್ಧ ಪ್ರಶ್ನೆ. ಯಾರಿಗೆ, ಯಾವುದಕ್ಕೆ ಹೋಲಿಸಿದರೆ, ಎಷ್ಟು ಅಂತ ಸೇರಿಸಿದಾಗಲೇ ಅದು ಪೂರ್ತಿಯಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಮೂರು ಮಾತಿನ ಸುತ್ತಲೇ ಇವೆ.

ಉದಾಹರಣೆಗೆ ಮೊಣಕಾಲು ನೋವನ್ನು ತೆಗೆದುಕೊಂಡಿದ್ದೇನೆ. ತೊಗರಿ ಹೊಲದಲ್ಲಿ ಬಗ್ಗಿ ದುಡಿದ, ನೆಲದ ಮೇಲೆ ಕೂತು ರೊಟ್ಟಿ ಬಡಿದ ಹೆಂಗಸರು ಇರುವ ಮನೆಯಲ್ಲಿ ಇದು ಗೊತ್ತಿಲ್ಲದ ಕಾಯಿಲೆ ಅಲ್ಲ. ಅವ್ವನಿಗೆ 62 ವರ್ಷ ಅಂದುಕೊಳ್ಳಿ. ಕೀಲು ಸವೆದಿದೆ ಅಂತ ಎಕ್ಸ್‌ರೇ ಹೇಳುತ್ತದೆ. ಒಬ್ಬರು ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಗುಳಿಗೆ ಬರೆದಿದ್ದಾರೆ. ಇನ್ನೊಬ್ಬರು ದುರ್ಬೀನು ಹಾಕಿ ಕೀಲು ತೊಳೆಯುವ ಆಪರೇಷನ್, ಅಂದರೆ ಆರ್ತ್ರೋಸ್ಕೋಪಿ, ಮಾಡಿಸಿ ಅಂದಿದ್ದಾರೆ. ಈಗ ಏನು ಮಾಡುತ್ತೀರಿ?

ಮೊದಲೇ ಒಂದು ಎಚ್ಚರಿಕೆ

ಹಾವು ಕಚ್ಚಿದೆ. ಎದೆ ಹಿಡಿದುಕೊಂಡು ಬೆವರುತ್ತಿದ್ದಾರೆ. ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿದೆ. ಮಗು ವಾಂತಿ ಭೇದಿಯಿಂದ ಕಣ್ಣು ಗುಳಿಬಿದ್ದು ಮಂಕಾಗಿದೆ. ಇಂಥ ಹೊತ್ತಿನಲ್ಲಿ ಈ ಲೇಖನ ಬೇಡ, 108ಕ್ಕೆ ಫೋನ್ ಮಾಡಿ. ಇವಕ್ಕೆಲ್ಲ ಸಂಶೋಧನೆ ಆಗಿ, ಏನು ಮಾಡಬೇಕು ಅನ್ನುವುದು ತೀರ್ಮಾನವಾಗಿ ಬಹಳ ಕಾಲವಾಯಿತು. ವಿಷದ ಹಾವಿಗೆ ಆ್ಯಂಟಿವೆನಮ್, ಭೇದಿಗೆ ಓಆರ್‌ಎಸ್ ಮತ್ತು ಝಿಂಕ್. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ಅಲ್ಲಿ ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತದೆ.

ಇನ್ನೊಂದು ಮಾತು. ಈಗ ತೆಗೆದುಕೊಳ್ಳುತ್ತಿರುವ ಬಿಪಿ, ಶುಗರ್, ಫಿಟ್ಸ್, ಹೃದಯದ ಗುಳಿಗೆಗಳನ್ನು ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ. ಓದಿದ್ದನ್ನು ವೈದ್ಯರ ಮುಂದೆ ಇಡುವುದಷ್ಟೇ ನಿಮ್ಮ ಕೆಲಸ.

ಏನೇನು ಬೇಕು

ಎಲ್ಲ ಚೀಟಿಗಳು, ರಿಪೋರ್ಟ್‌ಗಳು, ಒಂದು ನೋಟ್‌ಬುಕ್, ನೆಟ್ ಇರುವ ಫೋನ್. ಇಂಗ್ಲಿಷ್ ಓದಲು ಬರುವ ಒಬ್ಬರು ಮನೆಯಲ್ಲಿ ಇದ್ದರೆ ಒಳ್ಳೆಯದು. ನರ್ಸಿಂಗ್ ಅಥವಾ ಬಿಎಸ್ಸಿ ಓದುವ ಮಕ್ಕಳಿದ್ದರೆ ಇನ್ನೂ ಅನುಕೂಲ.

ಔಷಧಿಯ ಜನರಿಕ್ ಹೆಸರು ತಪ್ಪದೆ ಬೇಕು. ಅಂದರೆ ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಮದ್ದಿನ ಹೆಸರು. ಗುಳಿಗೆಯ ಪಟ್ಟಿಯ ಮೇಲೆ ಬ್ರ್ಯಾಂಡ್ ಹೆಸರಿನ ಹತ್ತಿರವೇ ಇರುತ್ತದೆ. ಕಾಣದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಬರೆಸಿಕೊಳ್ಳಿ. ಬ್ರ್ಯಾಂಡ್ ಹೆಸರು ಹಾಕಿ ಹುಡುಕಿದರೆ ಜಾಹೀರಾತೇ ಜಾಸ್ತಿ ಸಿಗುತ್ತದೆ.

ಹಂತ 1: ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿ ಬರೆಯಿರಿ

ಜನ ಇದನ್ನೇ ಬಿಟ್ಟು ನೇರವಾಗಿ ಗೂಗಲ್‌ಗೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಮುಕ್ಕಾಲು ಗೊಂದಲ ಇಲ್ಲೇ ಹುಟ್ಟುತ್ತದೆ. ನೋಟ್‌ಬುಕ್‌ನಲ್ಲಿ ಹೀಗೆ ಬರೆಯಿರಿ.

ರೋಗಿ ಯಾರು: 62 ವರ್ಷದ ಹೆಂಗಸು, ಮೊಣಕಾಲು ಸವೆತ, ಬಿಪಿ ಇದೆ, ಪೆಟ್ಟು ಬಿದ್ದಿಲ್ಲ.
ಯಾವ ಚಿಕಿತ್ಸೆ: ಆರ್ತ್ರೋಸ್ಕೋಪಿ.
ಯಾವುದಕ್ಕೆ ಹೋಲಿಸಿ: ವ್ಯಾಯಾಮ ಮತ್ತು ನೋವಿನ ಔಷಧಿಗೆ.
ಏನು ಸಿಗಬೇಕು: ನೋವು ಕಡಿಮೆಯಾಗಿ, ಒಂದು ವರ್ಷದ ಮೇಲೂ ನಡೆಯಲು ಬರಬೇಕು.

ಮೂರನೇ ಸಾಲು ಎಲ್ಲರೂ ಮರೆಯುವ ಸಾಲು. ಯಾವ ಚಿಕಿತ್ಸೆಯನ್ನೂ "ಏನೂ ಮಾಡದೆ ಇರುವುದಕ್ಕೆ" ಹೋಲಿಸಿದರೆ ಚೆನ್ನಾಗಿಯೇ ಕಾಣುತ್ತದೆ. ಅದಕ್ಕಿಂತ ಅಗ್ಗದ, ಸುಲಭದ ದಾರಿಗೆ ಹೋಲಿಸಿ ನೋಡಿ. ಆಗ ನಿಜ ಗೊತ್ತಾಗುತ್ತದೆ.

ನಾಲ್ಕನೇ ಸಾಲಿನಲ್ಲಿ ಇನ್ನೊಂದು ಗುಂಡಿ ಇದೆ. ರಿಪೋರ್ಟ್‌ನಲ್ಲಿ ನಂಬರ್ ಸರಿಹೋಗುವುದು ಬೇರೆ, ಮನುಷ್ಯ ಚೆನ್ನಾಗಿರುವುದು ಬೇರೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅನ್ನುವ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಹೃದಯದ ಅಪಾಯ ಜಾಸ್ತಿ ಇದ್ದ 10,251 ಶುಗರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ, 6ಕ್ಕಿಂತ ಕೆಳಗೆ ಇಳಿಸುವ ಗುರಿ. ಇನ್ನೊಂದು ಗುಂಪಿಗೆ 7ರಿಂದ 7.9ರ ನಡುವೆ. ನಂಬರ್ ಮೊದಲನೇ ಗುಂಪಿನಲ್ಲಿ ಚೆನ್ನಾಗಿ ಇಳಿಯಿತು. ಆದರೆ ಆ ಗುಂಪಿನಲ್ಲಿ ನೂರಕ್ಕೆ 5 ಜನ ಸತ್ತರು, ಇನ್ನೊಂದರಲ್ಲಿ 4. ಹಾಗಾಗಿ ಅತಿಯಾಗಿ ಇಳಿಸುವ ಭಾಗವನ್ನು 2008ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಶುಗರ್ ಇಳಿಸಬಾರದು ಅಂತ ಇದರ ಅರ್ಥ ಅಲ್ಲ. ಎಷ್ಟು ಇಳಿಸಬೇಕು ಅನ್ನುವುದು ರೋಗಿಯ ಮೇಲೆ ಹೋಗುತ್ತದೆ ಅಂತ ಅರ್ಥ.

ಹೀಗೆ ನಂಬರ್‌ನಲ್ಲಿ ಮಾತ್ರ ಕಾಣುವ ಫಲವನ್ನು ಸರೊಗೇಟ್ ಅನ್ನುತ್ತಾರೆ, ಅಂದರೆ ಬದಲಿ ಅಳತೆ. "ಕೊಲೆಸ್ಟ್ರಾಲ್ ಇಷ್ಟು ಇಳಿಯಿತು", "ಎಲುಬಿನ ಸಾಂದ್ರತೆ ಇಷ್ಟು ಏರಿತು" ಅಂತ ಓದಿದಾಗ ಮುಂದಿನ ಪ್ರಶ್ನೆ ಕೇಳಿ. ಹಾರ್ಟ್ ಅಟ್ಯಾಕ್ ಕಡಿಮೆ ಆಯಿತಾ? ಎಲುಬು ಮುರಿಯುವುದು ಕಡಿಮೆ ಆಯಿತಾ?

ಹಂತ 2: ಎಲ್ಲಿ ಹುಡುಕಬೇಕು

ಯೂಟ್ಯೂಬ್‌ನಿಂದ ಶುರು ಮಾಡಬೇಡಿ. ಈ ಕ್ರಮದಲ್ಲಿ ಹೋಗಿ.

ಮೊದಲು ಗೈಡ್‌ಲೈನ್. ತಜ್ಞರ ಗುಂಪು ಎಲ್ಲ ಸಂಶೋಧನೆ ನೋಡಿ "ಹೀಗೆ ಮಾಡಿ" ಅಂತ ಬರೆದ ಸೂಚನೆ ಅದು. ನಮ್ಮ ದೇಶದ್ದೇ ಬೇಕೆಂದರೆ ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಸ್ಟ್ಯಾಂಡರ್ಡ್ ಟ್ರೀಟ್‌ಮೆಂಟ್ ವರ್ಕ್‌ಫ್ಲೋ ಇವೆ. ಒಂದೊಂದು ಕಾಯಿಲೆಗೆ ಒಂದೊಂದು ಚಾರ್ಟ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನು ಮಾಡಬೇಕು, ಜಿಲ್ಲಾ ಆಸ್ಪತ್ರೆಗೆ ಯಾವಾಗ ಕಳಿಸಬೇಕು ಅಂತ ಅದರಲ್ಲಿ ಇರುತ್ತದೆ. ದುಡ್ಡು ಕೊಡಬೇಕಿಲ್ಲ.

ಎರಡನೆಯದು ಕಾಕ್ರೇನ್ ರಿವ್ಯೂ. 1993ರಲ್ಲಿ ಶುರುವಾದ ಈ ಸಂಸ್ಥೆ ಸಿಸ್ಟಮ್ಯಾಟಿಕ್ ರಿವ್ಯೂ ಮಾಡುತ್ತದೆ. ಒಂದು ಪ್ರಶ್ನೆಯ ಮೇಲೆ ಜಗತ್ತಿನಲ್ಲಿ ಆಗಿರುವ ಎಲ್ಲ ಒಳ್ಳೆಯ ಅಧ್ಯಯನಗಳನ್ನು ಹುಡುಕಿ ಒಟ್ಟಿಗೆ ತೂಗುವ ಕೆಲಸ ಅದು. ಪ್ರತಿ ರಿವ್ಯೂ ಜೊತೆ ಸಾಮಾನ್ಯ ಜನರಿಗಾಗಿ ಸರಳ ಇಂಗ್ಲಿಷ್‌ನಲ್ಲಿ ಒಂದು ಸಾರಾಂಶ ಇರುತ್ತದೆ. ಅದು ಎಲ್ಲರಿಗೂ ಉಚಿತ. ನನ್ನ ಮಟ್ಟಿಗೆ, ಒಂದೇ ಕಡೆ ನೋಡಲು ಹೊತ್ತಿದೆ ಅಂದರೆ ಇದನ್ನು ನೋಡಿ.

ಮೂರನೆಯದು ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಉಚಿತ ಪಟ್ಟಿ. ಕಾಯಿಲೆಯ ಹೆಸರು, ಔಷಧಿಯ ಜನರಿಕ್ ಹೆಸರು ಹಾಕಿ. ನಂತರ ಫಿಲ್ಟರ್‌ನಲ್ಲಿ "ಸಿಸ್ಟಮ್ಯಾಟಿಕ್ ರಿವ್ಯೂ" ಆರಿಸಿ. ಇಲ್ಲದಿದ್ದರೆ ಸಾವಿರಾರು ಲೇಖನಗಳ ಮಧ್ಯೆ ಕಳೆದುಹೋಗುತ್ತೀರಿ. ಮೇಲ್ಗಡೆ "ರಿಟ್ರ್ಯಾಕ್ಟೆಡ್" ಅಂತ ಬಂದಿದೆಯೇ ನೋಡಿ. ಹಾಗಿದ್ದರೆ ಆ ಲೇಖನವನ್ನು ಪತ್ರಿಕೆಯೇ ವಾಪಸ್ ಪಡೆದಿದೆ, ಅದನ್ನು ಬಿಟ್ಟುಬಿಡಿ.

"ನಿಮ್ಮವರನ್ನು ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಸಿಟಿಆರ್‌ಐ ನೋಡಿ. ಭಾರತದಲ್ಲಿ ನಡೆಯುವ ಔಷಧಿ ಪ್ರಯೋಗಗಳ ಸರ್ಕಾರಿ ನೋಂದಣಿ ಪುಸ್ತಕ ಅದು. 2007ರಲ್ಲಿ ಶುರುವಾಯಿತು, 2009ರಿಂದ ನೋಂದಣಿ ಕಡ್ಡಾಯ. ನಂಬರ್ ಕೇಳಿ ಪಡೆಯಿರಿ. ನಂಬರ್ ಇಲ್ಲ ಅಂದರೆ ಸೇರಬೇಡಿ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಎಐ ಚಾಟ್‌ಬಾಟ್. ಕೇಳಿದರೆ ಚಂದವಾಗಿ ಉತ್ತರ ಕೊಡುತ್ತದೆ, ಆದರೆ ಇಲ್ಲದ ಅಧ್ಯಯನದ ಹೆಸರನ್ನೂ ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತದೆ. ಅದು ಹೇಳಿದ ಲೇಖನದ ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಸಿಗದಿದ್ದರೆ ನಂಬಬೇಡಿ. ಎರಡು, ಫೋನ್‌ನ ಅನುವಾದ. "ವ್ಯತ್ಯಾಸ ಕಾಣಲಿಲ್ಲ" ಅನ್ನುವ ಕಡೆ ಒಂದು "ಇಲ್ಲ" ಬಿಟ್ಟುಹೋದರೆ ಅರ್ಥವೇ ತಲೆಕೆಳಗಾಗುತ್ತದೆ ಅಲ್ವಾ? ತೀರ್ಮಾನದ ಸಾಲನ್ನು ಇಂಗ್ಲಿಷ್ ಬಲ್ಲವರ ಹತ್ತಿರ ಇನ್ನೊಮ್ಮೆ ಓದಿಸಿ.

ಹಂತ 3: ಅದು ಎಂಥ ಅಧ್ಯಯನ?

ಎಲ್ಲ ಸಂಶೋಧನೆಗೂ ಒಂದೇ ತೂಕ ಇಲ್ಲ. ಇಲಿಯ ಮೇಲೆ, ಗಾಜಿನ ತಟ್ಟೆಯ ಮೇಲೆ ಆದದ್ದು ಮನುಷ್ಯನಿಗೆ ಉತ್ತರ ಅಲ್ಲ. "ನಮ್ಮಲ್ಲಿ ಇಷ್ಟು ಜನಕ್ಕೆ ಕೊಟ್ಟೆವು, ಎಲ್ಲರೂ ಗುಣವಾದರು" ಅನ್ನುವುದೂ ಸಾಲದು. ಕೊಡದಿದ್ದರೂ ಗುಣವಾಗುತ್ತಿದ್ದರೋ ಏನೋ ಯಾರಿಗೆ ಗೊತ್ತು?

ಚಿಕಿತ್ಸೆಯ ಪ್ರಶ್ನೆಗೆ ಗಟ್ಟಿ ಉತ್ತರ ಕೊಡುವುದು ರ್‍ಯಾಂಡಮೈಸ್ಡ್ ಟ್ರಯಲ್. ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಅದೃಷ್ಟಕ್ಕೆ ಬಿಡುತ್ತಾರೆ. ಆಗ ಎರಡೂ ಗುಂಪಿನಲ್ಲಿ ವಯಸ್ಸಾದವರು, ಬಡವರು, ಜಾಸ್ತಿ ಕಾಯಿಲೆ ಇದ್ದವರು ಹೆಚ್ಚುಕಡಿಮೆ ಸಮ ಇರುತ್ತಾರೆ. ಕೊನೆಗೆ ವ್ಯತ್ಯಾಸ ಕಂಡರೆ ಅದು ಚಿಕಿತ್ಸೆಯದ್ದೇ ಅಂತ ಹೇಳಬಹುದು. ಹೋಲಿಕೆಗೆ ಪ್ಲಸೀಬೊ ಕೊಡುವುದುಂಟು. ನೋಡಲು ಔಷಧಿಯಂತೆಯೇ ಇದ್ದು ಒಳಗೆ ಔಷಧಿ ಇಲ್ಲದ ಗುಳಿಗೆ ಅದು.

ಅವ್ವನ ಪ್ರಶ್ನೆಗೆ ಬರೋಣ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊಣಕಾಲು ಸವೆದ 180 ಜನರ ಮೇಲೆ ಒಂದು ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಕೀಲು ಕೆರೆದು ಸ್ವಚ್ಛ ಮಾಡಿದರು. ಇನ್ನೊಂದಕ್ಕೆ ತೊಳೆದರು. ಮೂರನೇ ಗುಂಪಿಗೆ ಆಪರೇಷನ್ ಥಿಯೇಟರ್‌ಗೆ ಕರೆದೊಯ್ದು ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿದರು, ಅಷ್ಟೇ. ಎರಡು ವರ್ಷ ನೋಡಿದರು. ನೋವಿನಲ್ಲಿ ಮೂರೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. ಆಪರೇಷನ್ ಆದ ಮೇಲೆ "ಹಗುರ ಆಯ್ತ್ರಿ" ಅಂದವರು ಸುಳ್ಳು ಹೇಳುತ್ತಿರಲಿಲ್ಲ. ಬರೀ ಹೊಲಿಗೆ ಹಾಕಿಸಿಕೊಂಡವರೂ ಹಾಗೇ ಅಂದಿದ್ದರು.

ಒಂದೇ ಅಧ್ಯಯನ ನಂಬಿ ಕೂರಬೇಡಿ. ಕೆನಡಾದಲ್ಲಿ 2008ರಲ್ಲಿ ಇನ್ನೊಂದು ಬಂತು. ಫಿಸಿಯೋಥೆರಪಿ ಮತ್ತು ಔಷಧಿಗೆ ಆರ್ತ್ರೋಸ್ಕೋಪಿ ಸೇರಿಸಿದರೂ ಹೆಚ್ಚಿನ ಲಾಭ ಇಲ್ಲ ಅಂತ ಅದೂ ಹೇಳಿತು. ಇಂಥವನ್ನೆಲ್ಲ ತೂಗಿ, ವಯಸ್ಸಿನಿಂದ ಸವೆದ ಮೊಣಕಾಲಿಗೆ ಬಹುಪಾಲು ಎಲ್ಲರಿಗೂ ಇದು ಬೇಡ ಅಂತ 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗೈಡ್‌ಲೈನ್ ಬಂತು. ಹೀಗೆ ಎರಡು ಮೂರು ಕಡೆಯಿಂದ ಒಂದೇ ಉತ್ತರ ಬಂದರೆ ಧೈರ್ಯವಾಗಿ ನಂಬಬಹುದು.

ಸಾಕ್ಷ್ಯ ಕೇಳದೆ ಓಡಿದರೆ ಏನಾಗುತ್ತದೆ ಅನ್ನುವುದನ್ನು ನಾವು ಕೋವಿಡ್‌ನಲ್ಲಿ ನೋಡಿದ್ದೇವೆ. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದೇ ನಮ್ಮ ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಮುಂದಿನ ವರ್ಷ ಎರಡನೇ ಅಲೆಯಲ್ಲಿ ಪ್ಲಾಸ್ಮಾಕ್ಕಾಗಿ, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವ ಭಾಗಕ್ಕಾಗಿ, ಜನ ಊರೂರು ಅಲೆದರು. ಆದರೆ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪ್ಲಾಸಿಡ್ ಪ್ರಯೋಗ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಗಿತ್ತು. ಕಾಯಿಲೆ ಬಿಗಡಾಯಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಕೊಟ್ಟವರಲ್ಲಿ ನೂರಕ್ಕೆ 19, ಕೊಡದವರಲ್ಲಿ 18. ಅಂದರೆ ಲಾಭ ಇಲ್ಲ. ಚಿಕಿತ್ಸೆಯ ಪಟ್ಟಿಯಿಂದ ಅದನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ಆ ಏಳು ತಿಂಗಳು ನನಗೆ ಈಗಲೂ ಸಿಟ್ಟು ತರಿಸುತ್ತದೆ. ನಮ್ಮದೇ ದೇಶದ ಉತ್ತರ ನಮ್ಮ ಕೈಯಲ್ಲೇ ಇತ್ತು.

ಜಾಹೀರಾತಿನವರು ಆಡುವ ಒಂದು ಆಟವೂ ಗೊತ್ತಿರಲಿ. ಗ್ಲುಕೋಸಮೈನ್ ಮೇಲೆ ಅಮೆರಿಕದಲ್ಲಿ 1,583 ಜನರ ದೊಡ್ಡ ಪ್ರಯೋಗ ಆಗಿ 2006ರಲ್ಲಿ ಪ್ರಕಟವಾಯಿತು. ಒಟ್ಟು ನೋಡಿದರೆ ಅದು ಪ್ಲಸೀಬೊಗಿಂತ ಮೇಲೇನೂ ಇರಲಿಲ್ಲ. ಆದರೆ ನೋವು ಜಾಸ್ತಿ ಇದ್ದ ಒಂದು ಸಣ್ಣ ಗುಂಪಿನಲ್ಲಿ, ಕಾಂಡ್ರಾಯ್ಟಿನ್ ಅನ್ನುವ ಇನ್ನೊಂದು ಕೀಲಿನ ಗುಳಿಗೆಯ ಜೊತೆ ಸೇರಿಸಿ ಕೊಟ್ಟಾಗ, ಲಾಭ ಕಂಡಿತು. ಹಲವು ತುಂಡು ಮಾಡಿ ನೋಡಿದರೆ ಎಲ್ಲೋ ಒಂದು ಕಡೆ ಏನೋ ಸಿಕ್ಕೇ ಸಿಗುತ್ತದೆ. ಅಂಥದ್ದು ಮುಂದಿನ ಪ್ರಯೋಗಕ್ಕೆ ಸುಳಿವು ಆಗಬಹುದು, ತಿಂಗಳು ತಿಂಗಳು ದುಡ್ಡು ಸುರಿಯಲು ಕಾರಣ ಅಲ್ಲ.

ಹಂತ 4: ನೂರರಲ್ಲಿ ಎಷ್ಟು ಜನಕ್ಕೆ?

ಲೆಕ್ಕ ಅಂದಕೂಡಲೇ ಹೆದರಬೇಡಿ. ಕೂಡುವುದು, ಕಳೆಯುವುದು ಬಂದರೆ ಸಾಕು.

"ಈ ಗುಳಿಗೆಯಿಂದ ಅಪಾಯ 50 ಪರ್ಸೆಂಟ್ ಕಡಿಮೆ" ಅಂತ ಓದುತ್ತೀರಿ. ಯಾವುದರಲ್ಲಿ ಅರ್ಧ? ಸಾವಿರದಲ್ಲಿ 2 ಜನಕ್ಕೆ ಬರುವ ಕಾಯಿಲೆ 1ಕ್ಕೆ ಇಳಿದರೂ 50 ಪರ್ಸೆಂಟೇ. ಸಾವಿರದಲ್ಲಿ 200 ಇದ್ದದ್ದು 100 ಆದರೂ 50 ಪರ್ಸೆಂಟೇ. ಮೊದಲನೆಯದರಲ್ಲಿ ಸಾವಿರ ಜನ ಗುಳಿಗೆ ನುಂಗಿದರೆ ಒಬ್ಬರಿಗೆ ಲಾಭ. ಎರಡನೆಯದರಲ್ಲಿ ನೂರು ಜನಕ್ಕೆ. ಹಾಗಾಗಿ ಪರ್ಸೆಂಟ್ ಬಿಡಿ. "ಚಿಕಿತ್ಸೆ ಇಲ್ಲದೆ ನೂರರಲ್ಲಿ ಎಷ್ಟು, ಚಿಕಿತ್ಸೆಯಿಂದ ನೂರರಲ್ಲಿ ಎಷ್ಟು" ಅಂತ ಎರಡು ಅಂಕಿ ಹುಡುಕಿ ಬರೆದುಕೊಳ್ಳಿ.

ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ನೋಡಿ. ಕಾಕ್ರೇನ್ ರಿವ್ಯೂ ಪ್ರಕಾರ, ಕೀಲು ಸವೆತಕ್ಕೆ ಇದನ್ನು ಕೆಲವು ವಾರ ಹಚ್ಚಿದ ನೂರು ಜನರಲ್ಲಿ ಸುಮಾರು 60 ಜನಕ್ಕೆ ನೋವು ಚೆನ್ನಾಗಿ ಇಳಿಯಿತು. ಅಬ್ಬಾ ಅನ್ನಿಸುತ್ತದೆ. ಆದರೆ ಔಷಧಿ ಇಲ್ಲದ ಜೆಲ್ ಹಚ್ಚಿದವರಲ್ಲೂ ಸುಮಾರು 50 ಜನಕ್ಕೆ ಇಳಿದಿತ್ತು. ಹಾಗಾದರೆ ಔಷಧಿಯ ನಿಜವಾದ ಪಾಲು ನೂರಕ್ಕೆ 10. ಇನ್ನೊಂದು ರೀತಿ ಹೇಳಿದರೆ, 10 ಜನ ಹಚ್ಚಿದರೆ ಒಬ್ಬರಿಗೆ ಔಷಧಿಯಿಂದಲೇ ಗುಣ. ಈ ಹತ್ತನ್ನೇ ವೈದ್ಯರು ಎನ್‌ಎನ್‌ಟಿ ಅನ್ನುತ್ತಾರೆ, ಒಬ್ಬರಿಗೆ ಲಾಭ ಸಿಗಲು ಎಷ್ಟು ಜನಕ್ಕೆ ಚಿಕಿತ್ಸೆ ಕೊಡಬೇಕು ಅನ್ನುವ ಅಂಕಿ. ಚಿಕ್ಕದಿದ್ದಷ್ಟೂ ಒಳ್ಳೆಯದು. ನೋವಿನ ಔಷಧಿಗೆ ಹತ್ತು ಕೆಟ್ಟದ್ದಲ್ಲ. ಜೆಲ್‌ನಿಂದ ಹೊಟ್ಟೆ, ಕಿಡ್ನಿಗೆ ತೊಂದರೆಯೂ ನುಂಗುವ ಗುಳಿಗೆಗಿಂತ ಕಡಿಮೆ. ಬಿಪಿ ಇರುವ ಅವ್ವನಿಗೆ ಇದು ದೊಡ್ಡ ಮಾತು.

ವ್ಯಾಯಾಮದ ಕಥೆ? ಕಾಕ್ರೇನ್‌ನ 2015ರ ರಿವ್ಯೂ ಪ್ರಕಾರ 100 ಅಂಕದ ನೋವಿನ ಅಳತೆಯಲ್ಲಿ ಸುಮಾರು 12 ಅಂಕ ಇಳಿಯುತ್ತದೆ. 2024ರಲ್ಲಿ ಇನ್ನೂ ಹೆಚ್ಚು ಪ್ರಯೋಗ ಸೇರಿಸಿ ಹೊಸದಾಗಿ ಬರೆದಾಗ, ಲಾಭ ಇದೆ ಆದರೆ ಸಣ್ಣದು ಅಂದರು. ಅದಕ್ಕೇ ರಿವ್ಯೂನ ಇಸವಿ ನೋಡಿ ಅನ್ನುವುದು, ಯಾವಾಗಲೂ ಹೊಸದನ್ನೇ ತೆಗೆದುಕೊಳ್ಳಿ. ಸಣ್ಣ ಲಾಭವಾದರೂ ಖರ್ಚು ಕಡಿಮೆ, ಹಾನಿ ಕಡಿಮೆ. ನಾನಂತೂ ಇದನ್ನೇ ಮೊದಲು ಹೇಳುತ್ತೇನೆ.

ಹಂತ 5: ಆ ಜನ ನಮ್ಮವರಂಥವರೇ?

ಇಲ್ಲಿ ನಿಧಾನಿಸಿ. ಅಧ್ಯಯನ ಒಳ್ಳೆಯದೇ ಇರಬಹುದು, ಉತ್ತರ ಸರಿಯೇ ಇರಬಹುದು. ಆದರೂ ನಿಮ್ಮವರಿಗೆ ಹೊಂದದೇ ಇರಬಹುದು.

ಆಸ್ಪಿರಿನ್ ನೋಡಿ. "ಎಪ್ಪತ್ತು ದಾಟಿದವರು ದಿನಾ ಒಂದು ಸಣ್ಣ ಆಸ್ಪಿರಿನ್ ನುಂಗಬೇಕು" ಅಂತ ನಮ್ಮ ಕಡೆ ಪಾರ್ಕಿನ ಬೆಂಚಿನ ಮೇಲೂ ಸಲಹೆ ಸಿಗುತ್ತದೆ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಆರೋಗ್ಯವಂತ ಹಿರಿಯರ ಮೇಲೆ ನಡೆದ ಆಸ್ಪ್ರೀ ಅಧ್ಯಯನ 2018ರಲ್ಲಿ ಬಂತು. ಹೃದಯದ ಕಾಯಿಲೆ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಜಾಸ್ತಿ ಆಯಿತು, ನೂರಕ್ಕೆ 2.8 ಇದ್ದದ್ದು 3.8. ಹಾಗಾದರೆ ಆಸ್ಪಿರಿನ್ ಕೆಟ್ಟದ್ದೇ? ಅಲ್ಲ. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಜೀವ ಉಳಿಸುವ ಗುಳಿಗೆ. ಅವರು ನಿಲ್ಲಿಸಿದರೆ ಅಪಾಯ. ಒಂದೇ ಮನೆಯಲ್ಲಿ ಅಣ್ಣನಿಗೆ ಬೇಕು, ತಮ್ಮನಿಗೆ ಬೇಡ ಅನ್ನುವ ಹಾಗಾಗುತ್ತದೆ. ಸುಮ್ನೆ ಪಕ್ಕದ ಮನೆಯವರ ಚೀಟಿ ನೋಡಿ ಗುಳಿಗೆ ತರುವವರು ಇದನ್ನು ಎರಡು ಸಲ ಓದಿ.

ಅಧ್ಯಯನದಲ್ಲಿ ಯಾರನ್ನು ಸೇರಿಸಿದ್ದರು, ಯಾರನ್ನು ಬಿಟ್ಟಿದ್ದರು ಅಂತ ನೋಡಿ. ಹ್ಯೂಸ್ಟನ್ ಪ್ರಯೋಗ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಆದದ್ದು, ಹೆಚ್ಚಿನವರು ಗಂಡಸರು. ನಮ್ಮ ಅವ್ವಂದಿರಿಗೆ ಅದು ಹೊಂದುತ್ತದಾ ಅಂತ ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆ. ಕೆನಡಾದ ಅಧ್ಯಯನದಲ್ಲಿ ಹೆಂಗಸರೂ ಸಾಕಷ್ಟು ಇದ್ದರು, ಉತ್ತರ ಬದಲಾಗಲಿಲ್ಲ. ಹಾಗೆಯೇ, ಜಿಗಿಯುವಾಗ ಮೊಣಕಾಲು ತಿರುಚಿ ಪೆಟ್ಟು ಮಾಡಿಕೊಂಡ ಇಪ್ಪತ್ತೈದರ ಹುಡುಗನಿಗೆ ಈ ಅಧ್ಯಯನಗಳು ಅನ್ವಯಿಸುವುದಿಲ್ಲ. ಅವನಿಗೆ ಆರ್ತ್ರೋಸ್ಕೋಪಿ ಬೇಕಾಗಬಹುದು.

ಊರೂ ಮುಖ್ಯ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಗುಳಿಗೆಗಳ ಮೇಲಿನ ಅಧ್ಯಯನ ಎಷ್ಟೋ ತಂಪು ದೇಶಗಳಲ್ಲಿ ಆಗಿವೆ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ದುಡಿಯುವವರು ಈ ಗುಳಿಗೆ ತೆಗೆದುಕೊಂಡರೆ ಮೈಯ ನೀರು, ಉಪ್ಪು ಇನ್ನಷ್ಟು ಇಳಿದು ತಲೆ ತಿರುಗಬಹುದು. "ಹೊಲದ ಕೆಲಸ ಮಾಡ್ತೀನ್ರಿ" ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಬೇಸಿಗೆಯಲ್ಲಿ ಡೋಸ್ ಬದಲಿಸಬೇಕಾ ಕೇಳಿ. ಕೂಲಿ ಕೆಲಸವೋ ಕುರ್ಚಿ ಕೆಲಸವೋ ಅಂತ ಚೀಟಿಯಲ್ಲಿ ಬರೆದಿರುವುದಿಲ್ಲ.

ಹಂತ 6: ವೈದ್ಯರ ಮುಂದೆ ಕೂತಾಗ

"ನಾ ಗೂಗಲ್‌ನಾಗ ನೋಡೀನಿ" ಅಂತ ಶುರು ಮಾಡಬೇಡಿ. ಮಾತು ಅಲ್ಲೇ ನಿಂತುಹೋಗುತ್ತದೆ. ನಾವು ವೈದ್ಯರೂ ಮನುಷ್ಯರೇ, ಎದುರಿಗೆ ಪ್ರಿಂಟ್ ಕಾಗದ ಬಡಿದರೆ ಮುಖ ಗಂಟಾಗುತ್ತದೆ. ನಾಲ್ಕು ಪ್ರಶ್ನೆ ಸಾಕು. ನಮ್ಮ ಭಾಷೆಯಲ್ಲೇ ಕೇಳಿ.

"ಸರ್, ಇದು ಮಾಡಿಸಲಿಲ್ಲಂದ್ರ ಏನಾಗ್ತದ್ರಿ?"
"ಇದರ ಬದಲಿ ಬ್ಯಾರೆ ದಾರಿ ಏನೇನು ಅದಾವ್ರಿ?"
"ನೂರು ಮಂದ್ಯಾಗ ಎಷ್ಟು ಮಂದಿಗೆ ಗುಣ ಆಗ್ತದ, ಎಷ್ಟು ಮಂದಿಗೆ ತ್ರಾಸ ಆಗ್ತದ್ರಿ?"
"ಅವ್ವಗ ಬಿಪಿ ಅದ. ಅಂಥವ್ರಿಗೂ ಇದು ನಡೀತದೇನ್ರಿ?"

ಮೊದಲನೇ ಪ್ರಶ್ನೆಗೆ "ಏನೂ ಆಗಲ್ಲ, ಸ್ವಲ್ಪ ದಿನ ನೋಡಬಹುದು" ಅಂತ ಉತ್ತರ ಬರುವುದು ನೀವಂದುಕೊಂಡದ್ದಕ್ಕಿಂತ ಜಾಸ್ತಿ. ನೆಗಡಿಗೆ ಆ್ಯಂಟಿಬಯೋಟಿಕ್, ಸುಸ್ತಿಗೆ ಸಲೈನ್ ಇವೆಲ್ಲ ಎಷ್ಟೋ ಸಲ ನೀವು ಕೇಳಿದ್ದಕ್ಕೇ ಸಿಗುತ್ತವೆ. ನೆಗಡಿ ವೈರಸ್‌ನಿಂದ ಬರುತ್ತದೆ, ಆ್ಯಂಟಿಬಯೋಟಿಕ್ ವೈರಸ್‌ಗೆ ಏನೂ ಮಾಡುವುದಿಲ್ಲ. ಬಾಯಿಂದ ನೀರು ಕುಡಿಯಲು ಬರುವವರಿಗೆ, ಬರೀ ಸುಸ್ತು ಅಂತ ಸಲೈನ್ ಹಚ್ಚಿಸಬೇಕಿಲ್ಲ. "ಸೂಜಿ ಮಾಡ್ರಿ, ಸಲೈನ್ ಹಚ್ರಿ" ಅಂತ ನಾವೇ ಒತ್ತಾಯ ಮಾಡಿ, ಆಮೇಲೆ ಬಿಲ್ ಜಾಸ್ತಿ ಆಯಿತು ಅಂದರೆ ಹೇಗೆ?

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಇಂಥ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ನೂಕುನುಗ್ಗಲು. ಆ ಹೊತ್ತಿನಲ್ಲಿ ಉದ್ದ ಚರ್ಚೆ ಆಗುವುದಿಲ್ಲ. ಜನ ಕಡಿಮೆಯಾದಾಗ ಬರಲೇ ಅಂತ ಕೇಳಿ. ದೊಡ್ಡ ಆಪರೇಷನ್ ಅಂದರೆ ಎರಡನೇ ಅಭಿಪ್ರಾಯ ಪಡೆಯಿರಿ, ಅದು ಮೊದಲ ವೈದ್ಯರಿಗೆ ಅವಮಾನ ಅಲ್ಲ. ಹೈದರಾಬಾದ್, ಸೊಲ್ಲಾಪುರದ ಬಸ್ ಹತ್ತುವ ಮೊದಲು ಇಲ್ಲಿನ ಮೆಡಿಕಲ್ ಕಾಲೇಜಿನ ಅದೇ ವಿಭಾಗದಲ್ಲಿ ತೋರಿಸಿ.

ಹಂತ 7: ರೋಗಿಯನ್ನೇ ಕೇಳಿ, ಆಮೇಲೆ ತೀರ್ಮಾನ

ಮನೆಯಲ್ಲಿ ಮಗ, ಅಳಿಯ, ಚಿಕ್ಕಪ್ಪ ಎಲ್ಲ ಸೇರಿ ತೀರ್ಮಾನ ಮಾಡುತ್ತಾರೆ. ಅವ್ವನನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಏನು ಬೇಕು? ಶರಣಬಸವೇಶ್ವರ ಜಾತ್ರೆಯಲ್ಲಿ ನಡೆದು ತೇರು ನೋಡಬೇಕಾ, ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಕಾ, ರಾತ್ರಿ ನಿದ್ದೆ ಬಂದರೆ ಸಾಕಾ? ಉತ್ತರದ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಕೀಲು ಪೂರ್ತಿ ಸವೆದು, ವ್ಯಾಯಾಮ ಔಷಧಿ ಎಲ್ಲ ಮುಗಿದ ಮೇಲೆ ಮೊಣಕಾಲು ಬದಲಿ ಆಪರೇಷನ್ ನೋವನ್ನು ಚೆನ್ನಾಗಿಯೇ ಇಳಿಸುತ್ತದೆ. ಅದಕ್ಕೆ ಸಾಕ್ಷ್ಯ ಇದೆ. ಆದರೆ ಆಮೇಲೆ ನೆಲದ ಮೇಲೆ ಕೂರುವುದು ಕಷ್ಟ. ಕಟ್ಟೆಯ ಮೇಲಿನ ಒಲೆ, ಕಮೋಡ್ ಬೇಕಾಗುತ್ತದೆ. ಅವ್ವ ಅದಕ್ಕೆ ಒಪ್ಪುತ್ತಾಳಾ?

ತೀರ್ಮಾನ ಆದ ಮೇಲೆ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ: ಏನು ಶುರು ಮಾಡಿದೆವು, ಏನು ಸುಧಾರಿಸಬೇಕು, ಯಾವ ದಿನ ಮತ್ತೆ ನೋಡುತ್ತೇವೆ. ಅವ್ವನ ಲೆಕ್ಕದಲ್ಲಿ ಹೀಗಿರಬಹುದು. ಫಿಸಿಯೋಥೆರಪಿಯಲ್ಲಿ ಹೇಳಿಕೊಟ್ಟ ತೊಡೆಯ ವ್ಯಾಯಾಮ ಮತ್ತು ಜೆಲ್. ಮನೆಯಿಂದ ಗುಡಿಯವರೆಗೆ ನಿಲ್ಲದೆ ನಡೆಯಬೇಕು. ಮೂರು ತಿಂಗಳು ಬಿಟ್ಟು ನೋಡುವುದು. ನೋವಿಗೆ ಅವತ್ತು ಹತ್ತರಲ್ಲಿ ಎಷ್ಟು ಅಂಕ ಅಂತ ಅವಳ ಬಾಯಿಂದಲೇ ಕೇಳಿ ಬರೆಯಿರಿ. ಮೂರು ತಿಂಗಳ ಮೇಲೆ ನೆನಪಿನಿಂದ ಹೇಳಿದರೆ ಲೆಕ್ಕ ತಪ್ಪುತ್ತದೆ.

ಮಧ್ಯೆ ನೋವು ಜಾಸ್ತಿಯಾಗಿ ಮೆಡಿಕಲ್ ಶಾಪ್‌ನಿಂದ ನೋವಿನ ಗುಳಿಗೆ ತಂದು ವಾರಗಟ್ಟಲೆ ನುಂಗಿಸಬೇಡಿ. ಬೇಕೇ ಬೇಕು ಅಂದರೆ ಮೊದಲು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತ ಪರೀಕ್ಷೆ, ಮಾಡಿಸಿ ಬಿಪಿ ನೋಡಿಸಿ. ಮುಂದೆ ಮೊಣಕಾಲು ಬದಲಿಯ ಮಾತು ಬಂದರೆ, ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯ ಅಡಿ ಅದಕ್ಕೆ ನೆರವು ಇದೆಯೇ, ರೆಫರಲ್ ಚೀಟಿ ಎಲ್ಲಿಂದ ತರಬೇಕು ಅಂತ ಸರ್ಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ಖಾಸಗಿ ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಿದ ಮೇಲೆ ಕೇಳಿದರೆ ತಡವಾಗುತ್ತದೆ.